ನೀರಿಗೆ ಹಂಡೆ, ಇಂಟರ್‌ನೆಟ್ಟಿಗೆ ಪ್ರಾಕ್ಸಿ



‘ಪ್ರಾಕ್ಸಿ’ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ಕಾಲೇಜಿನ ದಿನಗಳು ನೆನಪಾಗಬಹುದು. ಮ್ಯಾಟಿನಿ ಷೋಗೆ ಹೋದ ಗೆಳತಿಯ ಪರವಾಗಿ ಹಿಂದಿನ ಬೆಂಚಿನಿಂದ ದನಿ ಬದಲಿಸಿ ‘ಪ್ರೆಸೆಂಟ್ ಸರ್’ ಎನ್ನುತ್ತಿದ್ದೆವಲ್ಲ, ಅದೇ ಪ್ರಾಕ್ಸಿ. ಷೇರು ಇಟ್ಟುಕೊಂಡವರಿಗೆ ಕಂಪನಿಯ ವಾರ್ಷಿಕ ಸಭೆಯ ಪ್ರಾಕ್ಸಿ ಫಾರಂ ಗೊತ್ತು. ಒಟ್ಟಿನಲ್ಲಿ ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲುವುದು. ಕಂಪ್ಯೂಟರ್ ಲೋಕದಲ್ಲೂ ಅದೇ ಅರ್ಥ. ನಮ್ಮ ಪರವಾಗಿ ಹೊರಗಿನ ಇಂಟರ್‌ನೆಟ್ಟಿಗೆ ಹೋಗಿ, ಬೇಕಾದ್ದನ್ನು ತಂದುಕೊಡುವ ಕಂಪ್ಯೂಟರಿಗೆ ಪ್ರಾಕ್ಸಿ ಸರ್ವರ್ ಎನ್ನುತ್ತಾರೆ.

ತಂದದ್ದನ್ನು ಕೊಟ್ಟು ಕೈತೊಳೆದುಕೊಳ್ಳದೆ, ಒಂದು ಪ್ರತಿಯನ್ನು ತನ್ನಲ್ಲೂ ಇಟ್ಟುಕೊಂಡರೆ ಅದು ‘ಕ್ಯಾಶಿಂಗ್’ ಪ್ರಾಕ್ಸಿ. ಈ ‘ಕ್ಯಾಶ್’ ಹಣವಲ್ಲ! ನಮ್ಮ ಸಂಘದ ಸಮಿತಿ ಸಭೆಯಲ್ಲಿ ನಾನು ‘ವಾಚನಾಲಯಕ್ಕೆ ಒಂದು ಕ್ಯಾಶ್ ಬೇಕು’ ಎಂದಾಗ ಖಜಾಂಚಿಗಳು ಗಾಬರಿಯಿಂದ ‘ಎಷ್ಟು ಬೇಕಮ್ಮ?’ ಎಂದು ಕೇಳಿದರು. ಇದು ಫ್ರೆಂಚ್ ಭಾಷೆಯ ‘ಬಚ್ಚಿಡು’ ಎಂಬರ್ಥದ ಧಾತುವಿನಿಂದ ಇಂಗ್ಲಿಷಿಗೆ ಬಂದ ಪದ. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಲೆಯುತ್ತಿದ್ದ ಬೇಟೆಗಾರರು ಮುಂದಿನ ದಿನಗಳಿಗೆಂದು ದಾರಿಯಲ್ಲಿ ಅಡಗಿಸಿಡುತ್ತಿದ್ದ ಆಹಾರ ಸಾಮಗ್ರಿಗೆ ಆ ಹೆಸರಿತ್ತು. ಅಂದರೆ ನಮ್ಮ ಉಗ್ರಾಣ ಎನ್ನಿ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಯಿತು!

ಈ ತಿಂಗಳು ಅಂಕಣದಲ್ಲಿ ಇಂಥ ವಿಷಯವೇಕೆ ಎಂದು ಕೇಳುವಿರಾದರೆ, ಕಾರಣವಿದೆ. ನಮ್ಮ ಸಂಘದ ವಾಚನಾಲಯದಲ್ಲಿ ಎಂಟು ಹಳೆಯ ಕಂಪ್ಯೂಟರುಗಳಿವೆ. ಒಂದು ಕಚೇರಿಯವರು ಹೊಸದು ತಂದಾಗ ದಾನವಾಗಿ ಕೊಟ್ಟವು. ಸಂಜೆ ಹೊತ್ತು ಹೈಸ್ಕೂಲು, ಕಾಲೇಜಿನ ಮಕ್ಕಳು ಬಂದು ಕೂರುತ್ತಾರೆ. ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಯಲ್ಲಿ ಐದು ಜನರಿರುವ ಮನೆಯ ಮಕ್ಕಳು ಅವರು. ಕೈಯಲ್ಲಿ ಮೊಬೈಲ್ ಇರಬಹುದು, ಆದರೆ ಮೂರು ಪುಟದ ಅರ್ಜಿಯನ್ನು ತುಂಬಿ, ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿ ಕಳಿಸಲು ಆ ಪುಟ್ಟ ಪರದೆ ಸಾಲದು. ಈಗ ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆ, ಹಾಸ್ಟೆಲ್ ಎಲ್ಲವೂ ಆನ್‌ಲೈನ್ ಅರ್ಜಿಯೇ. ಕೊನೆಯ ದಿನಾಂಕ ದಾಟಿದರೆ ಕೇಳುವವರಿಲ್ಲ, ಹೇಳುವವರಿಲ್ಲ.

ವಾಚನಾಲಯದ ಇಂಟರ್‌ನೆಟ್ಟೋ, ಮಳೆಗಾಲದ ಲೋಕಲ್ ಟ್ರೈನಿನಂತೆ. ತಂತಿ ಕಟ್ಟಡದಿಂದ ಕಟ್ಟಡಕ್ಕೆ ನೇತಾಡಿಕೊಂಡು ಬರುತ್ತದೆ. ಜೋರು ಗಾಳಿ ಬೀಸಿದರೆ, ಮರದ ಕೊಂಬೆ ಬಿದ್ದರೆ, ರಸ್ತೆ ಅಗೆದರೆ ಲೈನ್ ಹೋಯಿತು. ಫೋನ್ ಮಾಡಿದರೆ ‘ಕೇಬಲ್ ಕಟ್ ಹೋ ಗಯಾ ಭಾಭೀ, ಶಾಮ್ ತಕ್ ಹೋ ಜಾಯೇಗಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ದಿನದ ಸಂಜೆ ಎಂದು ಮಾತ್ರ ಹೇಳುವುದಿಲ್ಲ! ಪೂರ್ತಿ ಹೋದರೂ ಪರವಾಗಿಲ್ಲ, ಹತ್ತು ನಿಮಿಷ ಬಂದು ಇಪ್ಪತ್ತು ನಿಮಿಷ ಹೋಗುವ ಆಟವೇ ಹೆಚ್ಚು ಕಷ್ಟ.

ಒಂದು ಮಳೆಗಾಲದಲ್ಲಿ ಹೋಟೆಲಿನಲ್ಲಿ ದುಡಿಯುವವರೊಬ್ಬರ ಮಗನ ವಿದ್ಯಾರ್ಥಿವೇತನದ ಅರ್ಜಿ ಹೀಗೆಯೇ ತಪ್ಪಿಹೋಯಿತು. ಕೊನೆಯ ದಿನ, ಲೈನ್ ಬಂದು ಬಂದು ಹೋಗುತ್ತಿತ್ತು. ಆಮೇಲೆ ನನ್ನ ತಂಗಿಯ ಮಗ ಕೂತು ಪರಿಶೀಲಿಸಿದಾಗ ಒಂದು ಸಂಗತಿ ತಿಳಿಯಿತು. ಅವನು ಕಂಪ್ಯೂಟರ್ ಕೆಲಸದವನು. ಲೈನ್ ಬಂದ ಆ ಹತ್ತು ನಿಮಿಷದಲ್ಲಿ ಎಂಟೂ ಕಂಪ್ಯೂಟರುಗಳು ಏಕಕಾಲಕ್ಕೆ ತಮ್ಮ ತಮ್ಮ ‘ಅಪ್‌ಡೇಟ್’ ತರಲು ಓಡುತ್ತಿದ್ದವು. ಹುಡುಗನ ಅರ್ಜಿಗೆ ದಾರಿಯೇ ಸಿಗುತ್ತಿರಲಿಲ್ಲ. ‘ದೊಡ್ಡಮ್ಮಾ, ನಲ್ಲಿಗೆ ನೀರು ಬರುವುದೇ ಹತ್ತು ನಿಮಿಷ, ಎಂಟು ಮನೆಯವರೂ ಒಟ್ಟಿಗೆ ಪೈಪ್ ಹಾಕಿದರೆ ಯಾರ ಕೊಡ ತುಂಬುತ್ತದೆ?’ ಎಂದು ಅವನು ಕೇಳಿದ. ನೀರಿನ ವಿಷಯ ಹೇಳಿದರೆ ಮುಂಬಯಿಯ ಗೃಹಿಣಿಗೆ ಬೇರೆ ವ್ಯಾಖ್ಯಾನ ಬೇಕೆ?

ಲೆಕ್ಕ ನೋಡಿ. ಒಂದು ಕಂಪ್ಯೂಟರಿನ ಅಪ್‌ಡೇಟ್ 300 ಎಂಬಿ ಎಂದಿಟ್ಟುಕೊಳ್ಳಿ. ಲೈನ್ ಕುಂಟುವ ದಿನ ಸೆಕೆಂಡಿಗೆ 2 ಮೆಗಾಬಿಟ್ ವೇಗ ಸಿಕ್ಕರೆ ಅದನ್ನು ತರಲು 20 ನಿಮಿಷ ಬೇಕು. ಎಂಟು ಕಂಪ್ಯೂಟರುಗಳಿಗೆ 2 ಗಂಟೆ 40 ನಿಮಿಷ. ಎಂಟಕ್ಕೂ ಬೇಕಾದದ್ದು ಅದೇ ಸಾಮಾನು! ಒಬ್ಬರು ಹೋಗಿ ಒಮ್ಮೆ ತಂದು ಉಗ್ರಾಣದಲ್ಲಿಟ್ಟರೆ ಉಳಿದ ಏಳಕ್ಕೆ ಮನೆಯೊಳಗೇ ಬಡಿಸಬಹುದು. ಆ ಒಬ್ಬರೇ ಪ್ರಾಕ್ಸಿ. ಒಂದು ವಿಷಯ ಸ್ಪಷ್ಟವಾಗಿರಲಿ. ಅರ್ಜಿಯನ್ನು ಪ್ರಾಕ್ಸಿ ಉಗ್ರಾಣದಿಂದ ಕೊಡಲಾರದು, ಅದು ಹೊರಗೆ ಹೋಗಲೇಬೇಕು. ಆದರೆ ಮಿಕ್ಕ ಗದ್ದಲವನ್ನು ತಪ್ಪಿಸಿ ಅರ್ಜಿಗೆ ದಾರಿ ಬಿಡಿಸಿಕೊಡಬಲ್ಲದು.

ಈ ಉಪಾಯ ಹೊಸತೇನಲ್ಲ. ವರ್ಲ್ಡ್ ವೈಡ್ ವೆಬ್ ಹುಟ್ಟಿದ ಸರ್ನ್ ಸಂಸ್ಥೆಯಲ್ಲೇ ಕ್ಯಾಶ್ ಇರುವ ಪ್ರಾಕ್ಸಿಯೂ ರೂಪುಗೊಂಡಿತು. 1994ರಲ್ಲಿ ಜಿನೀವಾದಲ್ಲಿ ನಡೆದ ಮೊದಲ ವೆಬ್ ಸಮ್ಮೇಳನದಲ್ಲಿ ಆರಿ ಲುವೋಟೊನೆನ್ ಮತ್ತು ಕೆವಿನ್ ಆಲ್ಟಿಸ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಅದೇ ಹೊತ್ತಿಗೆ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಕಡೆಯಿಂದ ‘ಹಾರ್ವೆಸ್ಟ್’ ಎಂಬ ಯೋಜನೆ ನಡೆದಿತ್ತು. ಅದರ ಮುಂದುವರಿಕೆಯಾಗಿ 1996ರಲ್ಲಿ ಡುವೇನ್ ವೆಸಲ್ಸ್ ಅವರ ಮುಂದಾಳ್ತನದಲ್ಲಿ ‘ಸ್ಕ್ವಿಡ್’ ಎಂಬ ಉಚಿತ ತಂತ್ರಾಂಶ ಬಂತು. ನಮ್ಮ ವಾಚನಾಲಯದಲ್ಲಿರುವುದೂ ಅದೇ. ಸ್ಕ್ವಿಡ್ ಎಂದರೆ ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸಮುದ್ರಜೀವಿ. ತಯಾರಿಕೆಯ ಕಾಲದಲ್ಲಿ ತಾತ್ಕಾಲಿಕವಾಗಿ ಇಟ್ಟ ಹೆಸರು ಹಾಗೆಯೇ ಉಳಿದುಕೊಂಡಿತಂತೆ. ಮನೆಯಲ್ಲಿ ಕರೆದ ‘ಪುಟ್ಟ’ ಎಂಬ ಹೆಸರು ಅರವತ್ತಾದರೂ ಬಿಡುವುದಿಲ್ಲವಲ್ಲ, ಹಾಗೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಟೆಲಿಫೋನ್ ತಂತಿಯ ಮೇಲೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗವಿದ್ದರೆ, 50 ಕೆಬಿಯ ಒಂದು ಚಿತ್ರ ಬರಲು 40 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಹಾಗಾಗಿ ಒಮ್ಮೆ ಬಂದದ್ದನ್ನು ಕಾಪಿಟ್ಟುಕೊಳ್ಳುವುದು ಅನಿವಾರ್ಯವಾಗಿತ್ತು. ಈಗ ವೇಗ ಹೆಚ್ಚಿದೆ, ಆದರೆ ತಂತಿ ತುಂಡಾಗುವುದು ನಿಂತಿಲ್ಲ. ಗಲ್ಲಿಯ ತಂತಿ ಮಾತ್ರವಲ್ಲ, ಸಮುದ್ರದಡಿಯ ಕೇಬಲ್ಲೂ ತುಂಡಾಗುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲ್‌ಗಳು ಕಡಿದು, ಇಲ್ಲಿ ಭಾರತದ ಕಚೇರಿಗಳೆಲ್ಲ ತತ್ತರಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದೊಡ್ಡ ಕಂಪನಿಗಳೂ ಇದೇ ದಾರಿ ಹಿಡಿದಿವೆ. ಗೂಗಲ್, ನೆಟ್‌ಫ್ಲಿಕ್ಸ್‌ನಂಥವರು ಜನ ಹೆಚ್ಚು ನೋಡುವ ಸಾಮಗ್ರಿಯನ್ನು ಊರೂರಿನ ಇಂಟರ್‌ನೆಟ್ ಕಂಪನಿಗಳ ಕೋಣೆಗಳಲ್ಲೇ ತಮ್ಮ ಪೆಟ್ಟಿಗೆಗಳಲ್ಲಿ ಇರಿಸುತ್ತಾರೆ. ಅದು ಊರಿನ ದೊಡ್ಡ ಟ್ಯಾಂಕು, ನಮ್ಮದು ಬಚ್ಚಲಿನ ಹಂಡೆ.

ಹಂಡೆ ತಂದಿಟ್ಟರೆ ಸಾಲದು, ಅದನ್ನು ತೊಳೆದು ತುಂಬಿಸುವವರು ಬೇಕಲ್ಲ. ವಾಚನಾಲಯದ ಬೀಗದ ಕೈ ನಮ್ಮ ಮನೆಯಲ್ಲಿರುವುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ‘ನಿಮಗ್ಯಾಕಕ್ಕಾ ಈ ಉಸಾಬರಿ’ ಎಂದವರೂ ಇದ್ದರು. ತಂಗಿಯ ಮಗ ಈಗ ಪರದೇಶದಲ್ಲಿದ್ದಾನೆ. ರಾತ್ರಿ ಫೋನಿನಲ್ಲಿ ಅವನು ಹೇಳಿದ್ದನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡು ಕಲಿತೆ. ಹೀಗೆ ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಇಲ್ಲಿ ಹೇಳುತ್ತೇನೆ. ಬೇರೆ ಊರಿನ ಸಂಘದವರಿಗೂ ಉಪಯೋಗವಾದೀತು.

ಮೊದಲನೆಯದು, ಜಾಗ. ಸ್ಕ್ವಿಡ್ಡನ್ನು ಹಾಕಿದ ಹಾಗೆಯೇ ಬಿಟ್ಟರೆ ಅದು 256 ಎಂಬಿಯಷ್ಟನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆಯೇ ಹೊರತು ಡಿಸ್ಕಿನಲ್ಲಿ ಏನನ್ನೂ ಉಳಿಸುವುದಿಲ್ಲ. ಕರೆಂಟ್ ಹೋದರೆ ಎಲ್ಲವೂ ಸೊನ್ನೆ. ಡಿಸ್ಕಿನಲ್ಲಿ ಇಂತಿಷ್ಟು ಜಾಗ ನಿನ್ನದು ಎಂದು ನಾವೇ ಹೇಳಬೇಕು. ಅಲ್ಲದೆ 4 ಎಂಬಿಗಿಂತ ದೊಡ್ಡ ಫೈಲನ್ನು ಅದು ತಾನಾಗಿ ಉಗ್ರಾಣಕ್ಕೆ ಸೇರಿಸುವುದಿಲ್ಲ. ಅಪ್‌ಡೇಟುಗಳಲ್ಲಿ ದೊಡ್ಡ ಫೈಲುಗಳೇ ಲೈನನ್ನು ನುಂಗುವಂಥವು! ಆ ಮಿತಿಯನ್ನು ಏರಿಸಿದ ಮೇಲೆಯೇ ನಮಗೆ ನಿಜವಾದ ಪ್ರಯೋಜನ ಸಿಕ್ಕಿದ್ದು. ಜಾಗ ತುಂಬುತ್ತಾ ಬಂದಾಗ ಬಹಳ ದಿನ ಯಾರೂ ಕೇಳದ್ದನ್ನು ಅದೇ ಹೊರಗೆ ಹಾಕುತ್ತದೆ. ಆ ಚಿಂತೆ ನಮಗಿಲ್ಲ.

ಎರಡನೆಯದು, ತುಂಬಿಸುವ ಹೊತ್ತು. ಬೆಳಗಿನ ಜಾವ ನೀರು ಬಂದಾಗ ಎದ್ದು ತುಂಬಿಸಿಕೊಳ್ಳುವ ಹಾಗೆ, ರಾತ್ರಿ 2 ಗಂಟೆಗೆ ಒಂದು ಕಂಪ್ಯೂಟರ್ ಮಾತ್ರ ಪ್ರಾಕ್ಸಿಯ ಮೂಲಕ ಅಪ್‌ಡೇಟ್ ತರುವಂತೆ ವೇಳೆ ನಿಗದಿ ಮಾಡಿದ್ದೇವೆ. ಆ ಹೊತ್ತಿಗೆ ಲೈನಿನಲ್ಲಿ ಜನವಿರುವುದಿಲ್ಲ. ನಮ್ಮ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್. ಅದರ ಅಪ್‌ಡೇಟ್ ಒಂದೇ ದೊಡ್ಡ ಗಂಟಾಗಿ ಬಾರದೆ ಹತ್ತಾರು ಬಿಡಿ ಪೊಟ್ಟಣಗಳಾಗಿ ಬರುತ್ತದೆ. ನಡುವೆ ಲೈನ್ ಕಡಿದರೆ ಕೈಯಲ್ಲಿದ್ದ ಒಂದು ಪೊಟ್ಟಣ ಮಾತ್ರ ನಷ್ಟ, ಅದುವರೆಗೆ ಬಂದವು ಉಗ್ರಾಣದಲ್ಲಿ ಭದ್ರ. ಬೆಳಿಗ್ಗೆ ಉಳಿದ ಏಳು ಕಂಪ್ಯೂಟರುಗಳು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ‘ನಡುವೆ ಇಟ್ಟದ್ದನ್ನು ನಂಬುವುದು ಹೇಗೆ?’ ಎಂದು ಒಬ್ಬರು ಕೇಳಿದರು. ಪ್ರತಿ ಪೊಟ್ಟಣಕ್ಕೂ ಲೆಕ್ಕದ ಮುದ್ರೆಯಿದೆ, ಆ ಲೆಕ್ಕದ ಪಟ್ಟಿಗೆ ತಯಾರಕರ ಸಹಿಯಿದೆ. ಒಂದಕ್ಷರ ವ್ಯತ್ಯಾಸವಾದರೂ ಕಂಪ್ಯೂಟರ್ ಅದನ್ನು ಒಪ್ಪದೆ ತಿರಸ್ಕರಿಸುತ್ತದೆ.

ಮೂರನೆಯದು, ಅರ್ಧಕ್ಕೆ ಬಿಟ್ಟ ಕೆಲಸ. ಮಕ್ಕಳಿಗೆ ತಾಳ್ಮೆ ಕಡಿಮೆ. ಒಂದು ಪಾಠದ ಫೈಲ್ ಬರಲು ತಡವಾದರೆ ಮುಚ್ಚಿ ಎದ್ದುಹೋಗುತ್ತಾರೆ. ಆಗ ಸ್ಕ್ವಿಡ್ ಎಷ್ಟು ಬಾಕಿಯಿದೆ ಎಂದು ಲೆಕ್ಕ ನೋಡುತ್ತದೆ. ಇನ್ನು 16 ಕೆಬಿಗಿಂತ ಕಡಿಮೆ ಬಾಕಿಯಿದ್ದರೆ ಪೂರ್ತಿ ತಂದಿಡುತ್ತದೆ. ಇಲ್ಲವಾದರೆ ಕೈಬಿಡುತ್ತದೆ. ತೊಂಬತ್ತು ಭಾಗ ಬಂದದ್ದೂ ವ್ಯರ್ಥ. ಯಾರು ಎದ್ದುಹೋದರೂ ಹಿಡಿದ ಕೆಲಸ ಮುಗಿಸು ಎಂದು ಹೇಳಿಕೊಡಲು ಸಾಧ್ಯವಿದೆ, ನಾವು ಹಾಗೆಯೇ ಮಾಡಿದ್ದೇವೆ. ಮುಂದೆ ಬಂದ ಮಗುವಿಗೆ ಅದೇ ಫೈಲ್ ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಿಗುತ್ತದೆ. ಆದರೆ ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿಯಿರುವವರು ಇದನ್ನು ಮಾಡಬಾರದು. ಯಾರಿಗೂ ಬೇಡದ್ದನ್ನೂ ತಂದು ತುಂಬಿಸೀತು.

ನಾಲ್ಕನೆಯದು, ವಿಳಾಸದ ಪುಸ್ತಕ. ನಾವು ಹೆಸರು ಹೇಳಿದರೆ ಸಾಲದು, ಆ ಹೆಸರಿನ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯೊಂದಿದೆ. ಅದಕ್ಕೆ ಡಿಎನ್ಎಸ್ ಎನ್ನುತ್ತಾರೆ. ಲೈನ್ ಕುಂಟುವಾಗ ಮೊದಲು ಕೈಕೊಡುವುದು ಇದೇ. ಒಮ್ಮೆ ‘ವಿಳಾಸ ಸಿಗಲಿಲ್ಲ’ ಎಂದಾದರೆ ಸ್ಕ್ವಿಡ್ ಆ ಸೋಲನ್ನೂ ಒಂದು ನಿಮಿಷ ನೆನಪಿಟ್ಟುಕೊಂಡು, ಮತ್ತೆ ಕೇಳಿದರೂ ಅದೇ ಉತ್ತರ ಕೊಡುತ್ತದೆ. ಆದ್ದರಿಂದ ಲೈನ್ ಬಂದ ತಕ್ಷಣ ‘ಇನ್ನೂ ಬಂದಿಲ್ಲ ಆಂಟೀ’ ಎಂದು ಕೂಗುವ ಮಕ್ಕಳಿಗೆ ನಾನು ಹೇಳುವುದು ಒಂದೇ ಮಾತು, ‘ಒಂದು ನಿಮಿಷ ತಡೆಯಪ್ಪಾ.’ ಅರ್ಧ ರೋಗ ಅಷ್ಟಕ್ಕೇ ವಾಸಿ! ಇನ್ನೊಂದು ತೊಡಕೂ ಇತ್ತು. ಲೈನ್ ಹೋದಾಗ ಮೊಬೈಲಿನ ಹಾಟ್‌ಸ್ಪಾಟ್ ಜೋಡಿಸುತ್ತೇವೆ. ಆಗ ವಿಳಾಸ ಹೇಳುವವರೇ ಬದಲಾಗುತ್ತಾರೆ. ಸ್ಕ್ವಿಡ್ ಮಾತ್ರ ತಾನು ಏಳುವಾಗ ಕಂಡವರನ್ನೇ ಕೇಳುತ್ತಾ ಕೂರುತ್ತದೆ. ಅದಕ್ಕೆ ಪರಿಹಾರವಾಗಿ ಅದೇ ಪೆಟ್ಟಿಗೆಯೊಳಗೆ ಒಂದು ಪುಟ್ಟ ಡಿಎನ್ಎಸ್ ಇಟ್ಟೆವು. ಹೊರಗೆ ಯಾರು ಬದಲಾದರೂ ಸ್ಕ್ವಿಡ್ ಮನೆಯೊಳಗಿನವರನ್ನೇ ಕೇಳುತ್ತದೆ. ಹೊರಗಿನ ದಾರಿ ಮುಚ್ಚಿದಾಗ ಅವಧಿ ಮುಗಿದ ಹಳೆಯ ವಿಳಾಸವನ್ನೇ ಸ್ವಲ್ಪ ಕಾಲ ಹೇಳಲು ಅದಕ್ಕೆ ಅನುಮತಿಯಿದೆ. 2020ರಲ್ಲಿ ಇಂಟರ್‌ನೆಟ್ಟಿನ ನಿಯಮ ರೂಪಿಸುವವರೂ ಈ ಪದ್ಧತಿಯನ್ನು ಬರೆದಿಟ್ಟಿದ್ದಾರೆ.

ಐದನೆಯದು, ಕಾಯುವ ಹೊತ್ತು. ಸತ್ತ ಲೈನಿನ ಆ ಬದಿಯವರನ್ನು ಸ್ಕ್ವಿಡ್ ಒಂದು ನಿಮಿಷ ಕರೆಯುತ್ತಲೇ ಇರುತ್ತದೆ. ಅಷ್ಟು ಹೊತ್ತು ಮಗು ಬಿಳಿ ಪರದೆ ನೋಡುತ್ತಾ ಕೂರಬೇಕು. ಅದನ್ನು 15 ಸೆಕೆಂಡಿಗೆ ಇಳಿಸಿದ್ದೇವೆ. ತೀರಾ ಇಳಿಸಿದರೆ, ನಿಧಾನವಾಗಿಯಾದರೂ ಉತ್ತರ ಕೊಡುತ್ತಿದ್ದವರನ್ನೂ ‘ಮನೆಯಲ್ಲಿಲ್ಲ’ ಎಂದು ಬಿಟ್ಟು ಬಂದಂತಾಗುತ್ತದೆ. ಬಾಗಿಲು ತಟ್ಟಿದ ಮೇಲೆ ವಯಸ್ಸಾದವರು ಎದ್ದು ಬರುವಷ್ಟು ಹೊತ್ತು ಕೊಡಬೇಕಲ್ಲವೇ?

ಆರನೆಯದು ಬಹಳ ಸಣ್ಣದು, ಆದರೆ ಬಹಳ ಕಾಡಿದ್ದು. ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಅದರ ಹೆಸರು ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಅದು ಸತ್ತರೆ ಕಂಪ್ಯೂಟರ್ ಎದ್ದಾಗಲೆಲ್ಲ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತದೆ. ಲೈನ್ ಇದ್ದರೆ ಹೊರಗಿನಿಂದ ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ. ಲೈನೇ ಇಲ್ಲದಿದ್ದರೆ? ಯಾವುದು ಹೊಸದು, ಯಾವುದು ಹಳೆಯದು ಎಂದು ಉಗ್ರಾಣ ತೀರ್ಮಾನಿಸುವುದೇ ದಿನಾಂಕದ ಮೇಲೆ. ಗಡಿಯಾರ ಕೆಟ್ಟರೆ ಎಲ್ಲ ತೀರ್ಮಾನವೂ ಕೆಟ್ಟಿತು. ಕೆಲವೇ ರೂಪಾಯಿಯ ಬ್ಯಾಟರಿ, ಹಾಕಿಸಿಬಿಡಿ.

ಏಳನೆಯದು, ಕರೆಂಟು. ತಟ್ಟನೆ ಕರೆಂಟ್ ಹೋದರೆ ಉಗ್ರಾಣದ ದಾಸ್ತಾನು ಪಟ್ಟಿ ಅರ್ಧಂಬರ್ಧವಾಗುತ್ತದೆ. ಮತ್ತೆ ಎದ್ದಾಗ ಒಂದೊಂದೇ ಡಬ್ಬಿ ತೆರೆದು ನೋಡಿ ಪಟ್ಟಿ ಬರೆದುಕೊಳ್ಳಬೇಕು. ಅಷ್ಟು ಹೊತ್ತು ಎಲ್ಲವೂ ನಿಧಾನ. ಪ್ರಾಕ್ಸಿಗೂ ಲೈನಿನ ಪೆಟ್ಟಿಗೆಗೂ ಸೇರಿಸಿ ಒಂದು ಚಿಕ್ಕ ಯುಪಿಎಸ್ ಇಟ್ಟಿದ್ದೇವೆ. ನಿಲ್ಲಿಸುವಾಗಲೂ ಗುಂಡಿ ಒತ್ತಿ ಕೊಲ್ಲಬಾರದು. ನಿಲ್ಲು ಎಂದು ಹೇಳಿದರೆ ಅದು ಕೈಯಲ್ಲಿದ್ದ ಕೆಲಸ ಮುಗಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಕೊಟ್ಟರೆ ಪಟ್ಟಿ ಸರಿಯಾಗಿ ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಹಳೆಯದಾದ ಪ್ರತಿಗೆ ‘ಸ್ಟೇಲ್’ ಎಂಬ ಒಂದೇ ಮಾತು. ನಮ್ಮ ಕನ್ನಡದ ಅಡುಗೆಮನೆಯಲ್ಲಿ ಎರಡಿವೆ, ತಂಗಳು ಮತ್ತು ಹಳಸಿದ್ದು. ರಾತ್ರಿಯ ಅನ್ನ ಬೆಳಿಗ್ಗೆ ತಂಗಳು, ಮೊಸರು ಕಲಸಿದರೆ ಊಟಕ್ಕೆ ಅಡ್ಡಿಯಿಲ್ಲ. ಹಳಸಿದ್ದನ್ನು ಯಾರಿಗೂ ಬಡಿಸುವಂತಿಲ್ಲ. ಸಾಮಾನ್ಯವಾಗಿ ಪ್ರಾಕ್ಸಿ ತನ್ನಲ್ಲಿರುವ ಪ್ರತಿಯ ಅವಧಿ ಮುಗಿದಾಗ ಮೂಲದವರನ್ನು ‘ಇಂಥ ದಿನಾಂಕದ ನಂತರ ಇದು ಬದಲಾಗಿದೆಯೇ?’ ಎಂದು ಕೇಳುತ್ತದೆ. ಅವರು ‘ಇಲ್ಲ’ ಎಂದು 304ನೇ ಸಂಖ್ಯೆಯ ಚುಟುಕು ಉತ್ತರ ಕೊಟ್ಟರೆ ಇದ್ದದ್ದನ್ನೇ ಬಡಿಸುತ್ತದೆ. ಲೈನ್ ಇಲ್ಲದಾಗ ಕೇಳಲು ಯಾರೂ ಸಿಗುವುದಿಲ್ಲ. ಆಗ ಸ್ಕ್ವಿಡ್ ತಂಗಳನ್ನು ಒಂದು ವಾರದ ತನಕ ಬಡಿಸುತ್ತದೆ, ಆಮೇಲೆ ಒಲ್ಲೆ ಎನ್ನುತ್ತದೆ. ಆ ಅವಧಿಯನ್ನು ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ‘ಯಾರನ್ನೂ ಕೇಳಲೇಬೇಡ, ಇದ್ದದ್ದನ್ನು ಕೊಡು’ ಎನ್ನುವ ಆಫ್‌ಲೈನ್ ಸ್ಥಿತಿಯೂ ಇದೆ.

ಇಲ್ಲಿ ಮನುಷ್ಯರ ವಿವೇಕ ಬೇಕು. ಪೈಥಾಗೊರಸ್ ಪ್ರಮೇಯದ ಪಾಠ, ಗುಂಡಿಗೆಯ ಚಿತ್ರ, ಲಿನಕ್ಸಿನ ಪೊಟ್ಟಣ, ಇವೆಲ್ಲ ಒಂದು ತಿಂಗಳು ಹಳೆಯದಾದರೂ ತಂಗಳಷ್ಟೇ. ಆದರೆ ಪರೀಕ್ಷೆಯ ವೇಳಾಪಟ್ಟಿ, ಅರ್ಜಿಯ ಕೊನೆಯ ದಿನಾಂಕ, ಫಲಿತಾಂಶ, ಇವು ಒಂದು ದಿನ ಹಳೆಯದಾದರೂ ಹಳಸಿದ್ದೇ. ದಿನಾಂಕ ಹಿಂದಕ್ಕೆ ಹಾಕಿದ್ದು ಗೊತ್ತಾಗದೆ ಹಳೆಯ ಪುಟ ನೋಡಿ ಮನೆಗೆ ಹೋದ ಮಗುವಿಗೆ, ಪುಟವೇ ಸಿಗದೆ ಹೋದ ಮಗುವಿಗಿಂತ ಹೆಚ್ಚು ಅನ್ಯಾಯವಾಗುತ್ತದೆ. ಪುಟ ಸಿಗದವನು ಬೇರೆ ಕಡೆ ವಿಚಾರಿಸುತ್ತಾನೆ. ಸಿಕ್ಕಿತು ಎಂದುಕೊಂಡವನು ವಿಚಾರಿಸುವುದಿಲ್ಲ. ಆದ್ದರಿಂದ ಅಂಥ ಪುಟಗಳನ್ನು ಉಗ್ರಾಣಕ್ಕೆ ಸೇರಿಸಲೇಬಾರದು ಎಂದು ಸ್ಕ್ವಿಡ್‌ಗೆ ಪಟ್ಟಿ ಕೊಟ್ಟಿದ್ದೇವೆ. ಲೈನ್ ಹೋದಾಗ ಗೋಡೆಗೆ ಒಂದು ಫಲಕವನ್ನೂ ತೂಗುಹಾಕುತ್ತೇನೆ, ‘ಈಗ ಲೈನ್ ಇಲ್ಲ. ಕಾಣುವುದು ಹಳೆಯ ಪುಟವಿರಬಹುದು. ದಿನಾಂಕಗಳನ್ನು ನಂಬಬೇಡಿ.’

ಬೀಗದ ಚಿಹ್ನೆಯಿರುವ ಪುಟಗಳ ಬಗ್ಗೆಯೂ ಒಂದು ಮಾತು. ಈಗ ಬಹುಪಾಲು ತಾಣಗಳು ಅಂಥವೇ. ಅಲ್ಲಿ ಹೋಗಿಬರುವುದೆಲ್ಲ ಅಂಟಿಸಿದ ಲಕೋಟೆ. ಪ್ರಾಕ್ಸಿ ಅದನ್ನು ಆಚೀಚೆ ದಾಟಿಸುತ್ತದೆಯೇ ಹೊರತು ಒಳಗಿನದನ್ನು ನೋಡಲಾರದು, ಪ್ರತಿ ಇಟ್ಟುಕೊಳ್ಳಲಾರದು. ಲಕೋಟೆ ಒಡೆದು ನೋಡುವ ಉಪಾಯ ಸ್ಕ್ವಿಡ್‌ನಲ್ಲಿದೆ. ಸಮಿತಿಯಲ್ಲಿ ಅದರ ಚರ್ಚೆ ನಡೆದಾಗ ಬೇಡವೆಂದೇ ತೀರ್ಮಾನವಾಯಿತು. ಮಕ್ಕಳ ಪತ್ರ, ತಂದೆತಾಯಿಯರ ಬ್ಯಾಂಕ್ ವಿವರ ಎಲ್ಲವೂ ಆ ಲಕೋಟೆಗಳಲ್ಲಿ ಇರುತ್ತದೆ. ನೀರಿನ ಹಂಡೆ ಇಟ್ಟವರಿಗೆ ನೆರೆಮನೆಯ ಟಪಾಲು ಒಡೆಯುವ ಹಕ್ಕಿಲ್ಲ. ಯಾವ ಕಂಪ್ಯೂಟರಿನಿಂದ ಯಾವ ತಾಣಕ್ಕೆ ಹೋದರು ಎಂದು ಬರೆಯುವ ದಿನಚರಿ ಪುಸ್ತಕವನ್ನೂ ಏಳು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ನಾನು ಅದರಲ್ಲಿ ನೋಡುವುದು ‘ಹಿಟ್’ ಎಷ್ಟು, ‘ಮಿಸ್’ ಎಷ್ಟು, ಅಂದರೆ ಉಗ್ರಾಣದಿಂದ ಸಿಕ್ಕಿದ್ದೆಷ್ಟು, ಹೊರಗಿನಿಂದ ತಂದದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ, ಹಾಲಿನವನ ಲೆಕ್ಕ ನೋಡಿದ ಹಾಗೆ.

ಪ್ರಾಕ್ಸಿಯ ಕೈಗೆ ಸಿಗದ ಓದಿಗೆ ಬೇರೆ ದಾರಿಯಿದೆ. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದಿಂದ ಇಡೀ ವಿಕಿಪೀಡಿಯವನ್ನೇ ತಂದಿಟ್ಟುಕೊಳ್ಳಬಹುದು. ಚಿತ್ರಗಳ ಸಹಿತ ಇಂಗ್ಲಿಷ್ ವಿಕಿಪೀಡಿಯಕ್ಕೆ 100 ಜಿಬಿಗೂ ಹೆಚ್ಚು ಜಾಗ ಬೇಕು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯಕ್ಕೆ ಅದಕ್ಕಿಂತ ಬಹಳ ಕಡಿಮೆ. ಲೈನ್ ಮೂರು ದಿನ ಸತ್ತರೂ ಮಕ್ಕಳ ಓದು ನಿಲ್ಲುವುದಿಲ್ಲ.

ಕೊನೆಯದಾಗಿ, ಪ್ರಾಕ್ಸಿಯೇ ಕಾಯಿಲೆ ಬಿದ್ದರೆ? ಎಲ್ಲರೂ ಒಂದೇ ಬಾಗಿಲಿನಿಂದ ಹೋಗುವಾಗ ಆ ಬಾಗಿಲು ಕಿತ್ತರೆ, ಲೈನ್ ಚೆನ್ನಾಗಿದ್ದೂ ಕೋಣೆಯೆಲ್ಲ ಕತ್ತಲು. ಆದ್ದರಿಂದ ‘ಪ್ರಾಕ್ಸಿ ಸಿಗದಿದ್ದರೆ ನೇರವಾಗಿ ಹೊರಗೆ ಹೋಗು’ ಎಂಬ ಸೂಚನೆಯನ್ನು ಪ್ರತಿ ಕಂಪ್ಯೂಟರಿಗೂ ಬರೆದಿಡಬೇಕು. ಅದನ್ನು ಬರೆಯುವುದು ಐದು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿ ಆದದ್ದೇನು ಎನ್ನುವಿರಾ? ಕಳೆದ ಮಳೆಗಾಲದಲ್ಲೂ ಲೈನ್ ಹಾಗೆಯೇ ಕುಂಟಿತು. ಅದನ್ನು ಪ್ರಾಕ್ಸಿ ಗುಣಮಾಡಲಿಲ್ಲ, ಗುಣಮಾಡಲಾರದು. ಕೊನೆಯ ದಿನ ರಾತ್ರಿ ಒಂಬತ್ತಕ್ಕೆ ಒಬ್ಬ ಹುಡುಗಿ ಬಂದಳು. ಅಪ್ಪ ಹೋಟೆಲಿನಲ್ಲಿ ಅಡುಗೆಯವರು, ಸಹಿ ಹಾಕಿಸಿ ತರುವುದರಲ್ಲಿ ತಡವಾಗಿತ್ತು. ಎಂಟು ನಿಮಿಷ ಲೈನ್ ಬಂತು. ಆ ಎಂಟು ನಿಮಿಷ ಬೇರೆ ಯಾವ ಕಂಪ್ಯೂಟರೂ ಹೊರಗೆ ಹೋಗಲಿಲ್ಲ, ಅವಕ್ಕೆ ಬೇಕಾದ್ದು ಒಳಗೇ ಇತ್ತು. ಅರ್ಜಿ ಹೋಯಿತು, ರಸೀದಿಯ ಸಂಖ್ಯೆ ಬಂತು. ಅವಳು ಅದನ್ನು ಎರಡು ಸಲ ಅಂಗೈ ಮೇಲೆ ಬರೆದುಕೊಂಡಳು. ವಿದ್ಯಾರ್ಥಿವೇತನ ಸಿಗುವುದು ಬಿಡುವುದು ಅವಳ ಅಂಕಗಳಿಗೆ ಸೇರಿದ್ದು. ಅರ್ಜಿ ತಲುಪಲಿಲ್ಲ ಎಂಬ ಕಾರಣಕ್ಕೆ ಮಾತ್ರ ತಪ್ಪಬಾರದು, ಅಷ್ಟೇ.

ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಪ್ರಯೋಜನವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಿಮ್ಮ ಸಂಘದಲ್ಲೋ, ಊರಿನ ಶಾಲೆಯಲ್ಲೋ ನಾಲ್ಕಾರು ಕಂಪ್ಯೂಟರುಗಳಿದ್ದು ಲೈನ್ ಕೈಕೊಡುತ್ತಿದ್ದರೆ, ಮಳೆ ಶುರುವಾಗುವ ಮೊದಲೇ ಒಂದು ಹಳೆಯ ಕಂಪ್ಯೂಟರನ್ನು ಇದಕ್ಕೆಂದು ಮೀಸಲಿಡಿ. ತಂತ್ರಾಂಶಕ್ಕೆ ಖರ್ಚಿಲ್ಲ. ಹಾಕಿಕೊಡಲು ನಿಮ್ಮಲ್ಲೂ ಒಬ್ಬ ತಂಗಿಯ ಮಗ ಇದ್ದೇ ಇರುತ್ತಾನೆ. ದಿನವೂ ಹೋಗಿ ನೋಡಿಕೊಳ್ಳುವವರು ಯಾರು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ಮನೆ ನಡೆಸಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಬರುವಾಗ ತುಂಬಿಸಿಕೊಂಡು, ಇಲ್ಲದಾಗ ಸುಧಾರಿಸಿಕೊಂಡು, ಹಳಸಿದ್ದನ್ನು ಮೂಸಿ ನೋಡಿ ಎಸೆಯುವ ವಿದ್ಯೆ ನಮಗೆ ಹೊಸದಲ್ಲ.

ಮುಂದಿನ ತಿಂಗಳು ಬೇರೆ ವಿಷಯದೊಂದಿಗೆ ಭೇಟಿಯಾಗೋಣ.